ಏಲಕ್ಕಿಗೂ ಪರೀಕ್ಷೆ

ಮಕ್ಕಳೇ, ವರ್ಷದ ಕೊನೆಯಲ್ಲಿ ನಿಮಗೆಲ್ಲ ಪರೀಕ್ಷೆ ಇರುತ್ತದೆ. ಪಾಯಸದಲ್ಲಿ ಘಮಘಮಿಸುವ ಏಲಕ್ಕಿಗೂ ಒಂದು ಪರೀಕ್ಷೆ ಇದೆ ಎಂದರೆ ನಂಬುತ್ತೀರಾ? ಆ ಪರೀಕ್ಷೆ ನಡೆಯುವ ಊರುಗಳಲ್ಲಿ ಮುಖ್ಯವಾದುದು ನಮ್ಮ ತಮಿಳುನಾಡಿನ ಬೋಡಿನಾಯಕನೂರು.

ಬೋಡಿನಾಯಕನೂರು ತೇನಿ ಜಿಲ್ಲೆಯಲ್ಲಿದೆ. ಜನರು ಇದನ್ನು ಚಿಕ್ಕದಾಗಿ 'ಬೋಡಿ' ಎನ್ನುತ್ತಾರೆ. ಊರಿನ ಪಕ್ಕದಲ್ಲೇ ಪಶ್ಚಿಮ ಘಟ್ಟ ಗೋಡೆಯಂತೆ ನಿಂತಿದೆ. ಹದಿನೇಳು ಕಡಿದಾದ ತಿರುವುಗಳನ್ನು ಹತ್ತಿದರೆ ಬೋಡಿಮೆಟ್ಟು ಸಿಗುತ್ತದೆ. ಅದರಾಚೆ ಕೇರಳದ ಇಡುಕ್ಕಿ ಜಿಲ್ಲೆ. ಅಲ್ಲಿ ಮರಗಳ ನೆರಳಿನಲ್ಲಿ ಏಲಕ್ಕಿ ತೋಟಗಳಿವೆ. ಬೋಡಿ ಮತ್ತು ಕಂಬಂ ಕಣಿವೆಯ ಊರುಗಳಿಂದ ಅನೇಕರು ಬೆಳಗಿನ ಜಾವವೇ ಬುತ್ತಿ ಕಟ್ಟಿಕೊಂಡು, ಜೀಪು ಹತ್ತಿ ತೋಟದ ಕೆಲಸಕ್ಕೆ ಹೋಗುತ್ತಾರೆ. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಮಾತನಾಡುವ ಕುಟುಂಬಗಳೂ ಇವೆ.

ಏಲಕ್ಕಿ ಶುಂಠಿಯ ಜಾತಿಗೆ ಸೇರಿದ ಗಿಡ. ಇದರ ಕಾಯಿ ಗಿಡದ ಬುಡದಲ್ಲಿ, ನೆಲಕ್ಕೆ ಹತ್ತಿರವಾಗಿ ಬಿಡುತ್ತದೆ. ಆದ್ದರಿಂದ ಬಗ್ಗಿ, ಕುಳಿತು ಒಂದೊಂದಾಗಿ ಬಿಡಿಸಬೇಕು. ಕಾಯಿ ಪೂರ್ತಿ ಹಣ್ಣಾದರೆ ಒಣಗಿಸುವಾಗ ಒಡೆಯುತ್ತದೆ. ತೀರ ಎಳೆಯದಾದರೆ ಒಣಗಿದ ಮೇಲೆ ಮುರುಟುತ್ತದೆ. ಹದ ತಿಳಿದ ಕೈಗಳೇ ಇದನ್ನು ಕೊಯ್ಯಬೇಕು.

ಕೊಯ್ದ ಕಾಯಿಯನ್ನು ತೊಳೆದು, ಮುಚ್ಚಿದ ಕೋಣೆಯಲ್ಲಿ ಹದವಾದ ಬಿಸಿಯಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಹಾಕಿದರೆ ಹಸಿರು ಬಣ್ಣ ಮಾಸಿಹೋಗುತ್ತದೆ. ಸುಮಾರು 5 ಕಿಲೋ ಹಸಿ ಕಾಯಿ ಒಣಗಿದರೆ 1 ಕಿಲೋ ಏಲಕ್ಕಿ ಸಿಗುತ್ತದೆ. ಬಳಿಕ ಅದನ್ನು ಉಜ್ಜಿ, ತೊಟ್ಟು ಮತ್ತು ಒಣ ಹೂವಿನ ಚೂರುಗಳನ್ನು ತೆಗೆಯುತ್ತಾರೆ. ಇನ್ನು ಏಲಕ್ಕಿ ಪರೀಕ್ಷೆಗೆ ಸಿದ್ಧ!

ಮೊದಲನೆಯದು ಗಾತ್ರದ ಪರೀಕ್ಷೆ. ದುಂಡನೆಯ ತೂತುಗಳಿರುವ ಜರಡಿಯಲ್ಲಿ ಕಾಯಿಗಳನ್ನು ಜಾಲಿಸುತ್ತಾರೆ. ಸಣ್ಣವು ಕೆಳಗೆ ಬೀಳುತ್ತವೆ, ದಪ್ಪನೆಯವು ಮೇಲೆ ಉಳಿಯುತ್ತವೆ. 7 ಮಿಲಿಮೀಟರ್ ತೂತಿನ ಜರಡಿಯ ಮೇಲೆ ನಿಲ್ಲುವ ಕಾಯಿ ಬಹಳ ಒಳ್ಳೆಯ ಗಾತ್ರದ್ದು.

ದಪ್ಪಗಿದ್ದರೆ ಸಾಕೆ? ಸಾಲದು. ಕೆಲವು ಕಾಯಿಗಳು ನೋಡಲು ದಪ್ಪ. ಸುಲಿದರೆ ಒಳಗೆ ನಾಲ್ಕೇ ಬೀಜ! ಏಲಕ್ಕಿಯ ಪರಿಮಳ ಇರುವುದು ಬೀಜದಲ್ಲಿ. ಸುಲಿಯದೆ ಒಳಗಿನ ಬೀಜವನ್ನು ತಿಳಿಯುವುದು ಹೇಗೆ? ಅದಕ್ಕೇ ಎರಡನೆಯ ಪರೀಕ್ಷೆ. ಒಂದು ಲೀಟರ್ ಅಳತೆಯ ಪಾತ್ರೆಯಲ್ಲಿ ಏಲಕ್ಕಿ ತುಂಬಿ ತೂಗುತ್ತಾರೆ. ಇದಕ್ಕೆ 'ಲೀಟರ್ ತೂಕ' ಎಂದು ಹೆಸರು. ಬೀಜ ತುಂಬಿದ್ದರೆ ತೂಕ ಹೆಚ್ಚು. ಜೊಳ್ಳಾದರೆ ತೂಕ ಕಡಿಮೆ. ಮೊದಲ ದರ್ಜೆಯ ಏಲಕ್ಕಿ ಒಂದು ಲೀಟರಿಗೆ 435 ಗ್ರಾಮಿಗೆ ಕಡಿಮೆ ಇರಬಾರದು. 6 ಮಿಲಿಮೀಟರ್ ಗಾತ್ರದ ಎರಡನೆಯ ದರ್ಜೆಗೆ 415 ಗ್ರಾಂ, 5 ಮಿಲಿಮೀಟರಿನ ಮೂರನೆಯ ದರ್ಜೆಗೆ 385 ಗ್ರಾಂ ಇರಬೇಕು.

ಮೂರನೆಯದು ಕಣ್ಣು ಮತ್ತು ಮೂಗಿನ ಪರೀಕ್ಷೆ. ಬಣ್ಣ ಹಸಿರಾಗಿದೆಯೇ? ಒಡಕು ಕಾಯಿ ಎಷ್ಟಿದೆ? ಹುಳು ಕೊರೆದಿದೆಯೇ? ವಾಸನೆ ಹೇಗಿದೆ? ಅನುಭವಿಗಳು ಒಂದು ಹಿಡಿ ತೆಗೆದುಕೊಂಡು ನೋಡಿ ಹೇಳಿಬಿಡುತ್ತಾರೆ.

ಆಮೇಲೆ ಹರಾಜು. ಭಾರತ ಸರ್ಕಾರದ ಸಾಂಬಾರ ಮಂಡಳಿ ಬೋಡಿಯಲ್ಲಿಯೂ ಇಡುಕ್ಕಿಯ ಪುಟ್ಟಡಿಯಲ್ಲಿಯೂ ಕಂಪ್ಯೂಟರ್ ಹರಾಜನ್ನು ಜಾರಿಗೆ ತಂದಿತು. ರೈತರು ತಂದ ಮೂಟೆಗಳಿಗೆ ಸಂಖ್ಯೆ ಕೊಡುತ್ತಾರೆ. ಮಾದರಿಯನ್ನು ವ್ಯಾಪಾರಿಗಳು ಪರೀಕ್ಷಿಸುತ್ತಾರೆ. ಬಳಿಕ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಬೆಲೆ ಒತ್ತುತ್ತಾರೆ. ಹೆಚ್ಚು ಬೆಲೆ ಕೂಗಿದವರಿಗೆ ಮೂಟೆ ಸೇರುತ್ತದೆ. ತಿಂಗಳುಗಟ್ಟಲೆ ಮಳೆಯಲ್ಲಿ ನೆನೆದು ದುಡಿದ ರೈತನ ಸಂಪಾದನೆ ಕೆಲವೇ ಕ್ಷಣಗಳಲ್ಲಿ ತೀರ್ಮಾನವಾಗುತ್ತದೆ! ಅದಕ್ಕೆಂದೇ ದರ್ಜೆ ಸರಿಯಾಗಿರಬೇಕು. ತಕ್ಕಡಿ ಸುಳ್ಳು ಹೇಳಬಾರದು.

ಹೀಗೆ ದರ್ಜೆ ನೋಡುವುದು ಏಲಕ್ಕಿಗೆ ಮಾತ್ರವಲ್ಲ. ನಿಮ್ಮಲ್ಲಿ ಕೆಲವರು ಕ್ರಿಕೆಟ್ ಆಟಗಾರರ ಚಿತ್ರದ ಕಾರ್ಡುಗಳನ್ನು ಕೂಡಿಸುತ್ತೀರಲ್ಲವೆ? ಅಮೆರಿಕದಲ್ಲಿ ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಪರೀಕ್ಷಕರಿಗೆ ಕಳುಹಿಸುತ್ತಾರೆ. ಅವರು ಮೂಲೆ, ಅಂಚು, ಮೇಲ್ಮೈಗಳನ್ನು ನೋಡುತ್ತಾರೆ. ಚಿತ್ರ ನಡುವೆ ಸರಿಯಾಗಿ ಕೂತಿದೆಯೇ ಎಂದೂ ನೋಡಿ ಹತ್ತಕ್ಕೆ ಇಷ್ಟು ಅಂಕ ಎಂದು ಕೊಡುತ್ತಾರೆ. ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಒಂದು ಹಳೆಯ ಕಾರ್ಡಿಗೆ 1991ರಲ್ಲಿ 8 ಅಂಕ ಬಂತು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಆದರೆ ಅದನ್ನು ಹಿಂದೆ ಮಾರಿದ್ದ ವ್ಯಾಪಾರಿಯೊಬ್ಬ, ಅಂಕ ಬರುವುದಕ್ಕೆ ಮೊದಲೇ ಅದರ ಅಂಚನ್ನು ಕತ್ತರಿಸಿ ಚೆನ್ನಾಗಿ ಕಾಣುವಂತೆ ಮಾಡಿದ್ದ. 2013ರಲ್ಲಿ ಅವನೇ ಅದನ್ನು ಒಪ್ಪಿಕೊಂಡ. ಪರೀಕ್ಷಕರ ಕಣ್ಣೂ ಮೋಸ ಹೋಗಿತ್ತು!

ಏಲಕ್ಕಿಯಲ್ಲಿಯೂ ಇಂಥ ಆಸೆ ಹುಟ್ಟುವುದುಂಟು. ಮಾಸಿದ ಕಾಯಿಗೆ ಹಸಿರು ಬಣ್ಣ ಬಳಿದರೆ ಹೆಚ್ಚು ಬೆಲೆ ಸಿಗಬಹುದೆಂಬ ದುರಾಸೆ ಅದು. ಏಲಕ್ಕಿಗೆ ಬಣ್ಣ ಸೇರಿಸುವುದನ್ನು ನಮ್ಮ ದೇಶದ ಆಹಾರ ಕಾನೂನು ನಿಷೇಧಿಸಿದೆ. ಬಣ್ಣ ತಿನ್ನುವವರ ಹೊಟ್ಟೆಗೆ ಹೋಗುತ್ತದೆ. ಅಲ್ಲದೆ ಒಬ್ಬನ ಮೋಸದಿಂದ ಕೊಳ್ಳುವವರ ನಂಬಿಕೆ ಹೋದರೆ, ಪ್ರಾಮಾಣಿಕ ರೈತನ ಒಳ್ಳೆಯ ಮೂಟೆಗೂ ಬೆಲೆ ಬೀಳುತ್ತದೆ. ಮಾಸಿದ ಕಾಯಿಯೂ ವ್ಯರ್ಥವಲ್ಲ. ಅದರ ದರ್ಜೆಗೆ ತಕ್ಕ ಬೆಲೆ ಅದಕ್ಕಿದೆ. ಪುಡಿ ಮಾಡಲು, ಎಣ್ಣೆ ತೆಗೆಯಲು ಅದು ಬೇಕು. ಇದ್ದುದನ್ನು ಇದ್ದಂತೆ ಹೇಳಿ ಮಾರಿದರೆ ಸಾಕು.

ಇನ್ನೊಮ್ಮೆ ಮನೆಯಲ್ಲಿ ಏಲಕ್ಕಿ ಸುಲಿಯುವಾಗ ಒಳಗಿನ ಬೀಜಗಳನ್ನು ಎಣಿಸಿರಿ. ನಿಮ್ಮ ಕಾಯಿಗೆ ಯಾವ ದರ್ಜೆ ಎಂದು ಗೆಳೆಯರಿಗೆ ಹೇಳಿರಿ.

ಹೊಸ ಪದಗಳು
ದರ್ಜೆ – ಗುಣಕ್ಕೆ ತಕ್ಕ ಮಟ್ಟ
ಜೊಳ್ಳು – ಒಳಗೆ ತಿರುಳಿಲ್ಲದ್ದು
ಹರಾಜು – ಹೆಚ್ಚು ಬೆಲೆ ಕೂಗಿದವರಿಗೆ ಮಾರುವುದು
ಮಾದರಿ – ಪರೀಕ್ಷೆಗಾಗಿ ತೆಗೆದ ಸ್ವಲ್ಪ ಭಾಗ

ಅಭ್ಯಾಸ
ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬೋಡಿನಾಯಕನೂರು ಯಾವ ಜಿಲ್ಲೆಯಲ್ಲಿದೆ?
2. ಏಲಕ್ಕಿಯನ್ನು ಬಿಸಿಲಿನಲ್ಲಿ ಏಕೆ ಒಣಗಿಸುವುದಿಲ್ಲ?
3. ಲೀಟರ್ ತೂಕದಿಂದ ಏನು ತಿಳಿಯುತ್ತದೆ?

ಆ) ಲೆಕ್ಕ ಮಾಡಿರಿ.
5 ಕಿಲೋ ಹಸಿ ಕಾಯಿಗೆ 1 ಕಿಲೋ ಒಣ ಏಲಕ್ಕಿ ಸಿಕ್ಕಿದರೆ, 200 ಕಿಲೋ ಹಸಿ ಕಾಯಿಗೆ ಎಷ್ಟು ಸಿಗುತ್ತದೆ?

ಇ) ಯೋಚಿಸಿ ಹೇಳಿರಿ.
ಒಬ್ಬನು ಮಾಡಿದ ಮೋಸದಿಂದ ಉಳಿದ ರೈತರಿಗೆ ಹೇಗೆ ನಷ್ಟವಾಗುತ್ತದೆ?

ಈ) ಮಾಡಿ ನೋಡಿರಿ.
ಒಂದು ಹಿಡಿ ನೆಲಗಡಲೆಯನ್ನು ಗಾತ್ರ, ತೂಕ, ಬಣ್ಣ ನೋಡಿ ಮೂರು ದರ್ಜೆಗಳಾಗಿ ವಿಂಗಡಿಸಿರಿ.