ಸ್ವಲೀನತೆ ಮತ್ತು ಅಧಿಕ ತೂಕ

ಸ್ವಲೀನತೆ, ಅಂದರೆ ಆಟಿಸಂ, ಇರುವ ಮಗುವಿನ ಮಾತು, ನಡವಳಿಕೆ ಮತ್ತು ಕಲಿಕೆಯ ಚಿಂತೆಯಲ್ಲಿ ಮುಳುಗಿರುವ ತಾಯಿತಂದೆಗಳು ಅದರ ತೂಕದ ಕಡೆಗೆ ಗಮನ ಹರಿಸುವುದು ಅಪರೂಪ. ಮಗು ಮೈಕೈ ತುಂಬಿಕೊಂಡಿದ್ದರೆ ಆರೋಗ್ಯವಾಗಿದೆಯೆಂದು ಸಂತೋಷಪಡುವ ರೂಢಿಯೂ ನಮ್ಮಲ್ಲಿದೆ. ಆದರೆ ಇತರ ಮಕ್ಕಳಿಗಿಂತ ಇಂತಹ ಮಕ್ಕಳಲ್ಲಿ ಬೊಜ್ಜು ಹೆಚ್ಚೆಂದು ಅನೇಕ ಅಧ್ಯಯನಗಳಿಂದ ತಿಳಿದುಬಂದಿದೆ.

ಇದಕ್ಕೆ ಕಾರಣಗಳು ಹಲವು. ಆಹಾರದ ಬಣ್ಣ, ವಾಸನೆ, ಮೆದುತನಗಳನ್ನು ಈ ಮಕ್ಕಳು ಬಹು ತೀವ್ರವಾಗಿ ಅನುಭವಿಸುತ್ತಾರೆ. ಅನ್ನಕ್ಕೆ ಪಲ್ಯ ತಾಗಿದರೆ ತಟ್ಟೆಯನ್ನೇ ದೂಡುವ ಮಗು ಗರಿಗರಿಯಾದ ಬಿಸ್ಕತ್ತು, ಚಿಪ್ಸ್‌ಗಳನ್ನು ಮಾತ್ರ ಒಪ್ಪಬಹುದು. ಇದು ಹಟವಲ್ಲ, ಗದರಿಸಿ ಪ್ರಯೋಜನವಿಲ್ಲ. ಗುಂಪಿನ ಆಟಗಳು ಇವರಿಗೆ ಕಷ್ಟ. ನಿದ್ರೆಯೂ ಅನೇಕರಿಗೆ ಕಡಿಮೆ. ಹೇಳಿದ ಕೆಲಸ ಮಾಡಿದಾಗಲೆಲ್ಲ ಚಾಕೊಲೇಟು ಕೊಡುವ ಪದ್ಧತಿ ಇವೆಲ್ಲಕ್ಕೂ ಸೇರಿಕೊಳ್ಳುತ್ತದೆ.

ಔಷಧಿಯ ವಿಷಯವನ್ನು ವಿಶೇಷವಾಗಿ ಅರಿತಿರಬೇಕು. ವಿಪರೀತ ಸಿಡುಕು ಹಾಗೂ ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುವ ಪ್ರವೃತ್ತಿ ಇದ್ದಾಗ ವೈದ್ಯರು ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ನೀಡುವುದುಂಟು. ಸ್ವಲೀನತೆಯ ಮಕ್ಕಳ ಇಂತಹ ತೊಂದರೆಗಾಗಿ ಅಮೆರಿಕವು ಮೊದಲನೆಯದಕ್ಕೆ 2006ರಲ್ಲಿ, ಎರಡನೆಯದಕ್ಕೆ 2009ರಲ್ಲಿ ಅನುಮತಿ ನೀಡಿತು. ಇವು ಮನೆಯ ನೆಮ್ಮದಿಯನ್ನು ಮರಳಿ ತಂದುಕೊಟ್ಟಿರುವುದು ನಿಜ. ಆದರೆ ಇವುಗಳಿಂದ ಹಸಿವು ಹೆಚ್ಚಿ, ಮೊದಲ ಕೆಲವು ತಿಂಗಳುಗಳಲ್ಲಿಯೇ ತೂಕ ಏರಬಹುದು. ಔಷಧಿ ಆರಂಭಿಸುವ ಮೊದಲು ತೂಕವನ್ನು ಬರೆದಿಟ್ಟುಕೊಂಡು, ಅನಂತರ ಪ್ರತಿ ತಿಂಗಳೂ ನೋಡುತ್ತಿರಬೇಕು. ರಕ್ತದ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ತೂಕ ಏರಿತೆಂದು ಗಾಬರಿಯಾಗಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಪ್ರಮಾಣವನ್ನಾಗಲಿ ಔಷಧಿಯನ್ನಾಗಲಿ ಬದಲಿಸುವುದು ವೈದ್ಯರ ಕೆಲಸ.

ಆಹಾರದಲ್ಲಿ ಬದಲಾವಣೆ ನಿಧಾನವಾಗಿರಲಿ. ಪರಿಚಿತ ತಿನಿಸಿನ ಪಕ್ಕದಲ್ಲಿ ಹೊಸದನ್ನು ಒಂದು ಚಮಚೆಯಷ್ಟು ಇಟ್ಟು ಸುಮ್ಮನಿರಬೇಕು. ಹತ್ತಾರು ಸಲ ಇಟ್ಟ ಮೇಲೆ ಮುಟ್ಟುವ ಮಕ್ಕಳೂ ಉಂಟು. ಚಾಕೊಲೇಟಿಗೆ ಬದಲು ಉಯ್ಯಾಲೆಯನ್ನೋ ಮೆಚ್ಚಿನ ಹಾಡನ್ನೋ ಬಹುಮಾನವಾಗಿ ಕೊಡಬಹುದು. ದಿನಚರಿ ಬದಲಾಗದಿರುವುದನ್ನು ಬಯಸುವ ಇವರ ಸ್ವಭಾವವೇ ಇಲ್ಲಿ ನೆರವಾಗುತ್ತದೆ: ಪ್ರತಿ ಸಂಜೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನಡಿಗೆ ರೂಢಿಯಾದರೆ ಮಗುವೇ ಚಪ್ಪಲಿ ತಂದು ನಿಲ್ಲುತ್ತದೆ. ರೈಲೆಂದರೆ ಪ್ರಾಣವೆನ್ನುವ ಹುಡುಗನನ್ನು ಮುಂಬಯಿಯಂತಹ ಊರಿನಲ್ಲಿ ನಿಲ್ದಾಣದವರೆಗೆ ನಡೆಸುವುದು ಕಷ್ಟವೇನಲ್ಲ. ಈಜು, ಸೈಕಲ್ಲು ಕೂಡ ಒಳ್ಳೆಯವು.

ವಯಸ್ಕರಾದ ಭಾರತೀಯರಲ್ಲಿ ದೇಹತೂಕ ಸೂಚ್ಯಂಕ 23 ತಲುಪಿದರೆ ಅಧಿಕ ತೂಕ, 25 ತಲುಪಿದರೆ ಬೊಜ್ಜು ಎಂದು ಪರಿಗಣಿಸಲಾಗುತ್ತದೆ. ಮಕ್ಕಳಿಗೆ ಈ ಅಂಕಿಗಳು ಸಲ್ಲವು. ವಯಸ್ಸಿಗನುಗುಣವಾದ ಬೆಳವಣಿಗೆಯ ನಕ್ಷೆಯನ್ನು ಮಕ್ಕಳ ವೈದ್ಯರು ನೋಡುತ್ತಾರೆ. ಮಂಡಿ ನೋಯುತ್ತದೆಂದು ಬಾಯಿಬಿಟ್ಟು ಹೇಳಲಾರದ ಮಗು ನಡೆಯಲು ಒಲ್ಲೆನೆಂದು ಕುಳಿತುಬಿಡಬಹುದು. ರಾತ್ರಿ ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ತಡೆದಂತಾಗುವುದು, ಕುತ್ತಿಗೆಯ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪವಾಗುವುದು ಕಂಡುಬಂದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು.