ಆವಕ–ಜಾವಕ ವಹಿಯಿಂದ ಲಾಗ್ ವರದಿಗೆ: ಮೇಲ್ ಸರ್ವರ್ ಪಾಠವೊಂದರ ಮರುಬೋಧನೆ

ಕಳೆದ ಸಾಲಿನ ಅಭ್ಯಾಸ ಬೋಧನೆಯಲ್ಲಿ ನಮ್ಮ ಗಣಕ ವಿಜ್ಞಾನ ವಿಭಾಗದ ಒಬ್ಬ ಪ್ರಶಿಕ್ಷಣಾರ್ಥಿ ಪಾಲಿಟೆಕ್ನಿಕ್ ಒಂದರ ಐದನೆಯ ಸೆಮಿಸ್ಟರ್ ವಿದ್ಯಾರ್ಥಿಗಳಿಗೆ ‘ಮೇಲ್ ಸರ್ವರ್‌ನ ಲಾಗ್ ವಿಶ್ಲೇಷಣೆ ಮತ್ತು ದೈನಂದಿನ ವರದಿ’ ಎಂಬ ವಿಷಯವನ್ನು ಎರಡು ಬಾರಿ ಬೋಧಿಸಿದರು. ಮೊದಲ ಪಾಠ ಕೆಟ್ಟಿತು. ಎರಡನೆಯದು ಚೆನ್ನಾಗಿ ಆಯಿತು. ಎರಡಕ್ಕೂ ನಾನೇ ವೀಕ್ಷಕಿ. ಮೊದಲ ಪಾಠದ ಯೋಜನೆಗೆ ಸಹಿ ಹಾಕಿದವಳೂ ನಾನೇ ಆದ್ದರಿಂದ, ಈ ಬರಹದಲ್ಲಿ ಹೇಳುವ ತಪ್ಪುಗಳಲ್ಲಿ ಅರ್ಧಪಾಲು ನನ್ನದು.

ಮೊದಲ ಪಾಠ

ಪಾಠಯೋಜನೆ ನೋಡಲು ಅಚ್ಚುಕಟ್ಟಾಗಿತ್ತು. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್‌ನ ಪರಿಚಯ, ಅದರ ಲಾಗ್ ಕಡತ ಇರುವ ಜಾಗ, ಪಿಎಫ್‌ಲಾಗ್‌ಸಮ್ ಎಂಬ ವರದಿ ಸಾಧನದ ಸ್ಥಾಪನೆ, ಅದನ್ನು ದಿನವೂ ತಾನಾಗಿ ಓಡಿಸುವ ಕ್ರಾನ್ ಸಾಲು, ಕೊನೆಗೆ ವರದಿಯ ಪ್ರದರ್ಶನ. ನಲವತ್ತು ನಿಮಿಷಕ್ಕೆ ಐದು ಹಂತ.

ಎರಡನೆಯ ಹಂತದಲ್ಲೇ ಗಾಡಿ ನಿಂತಿತು. ಪ್ರಯೋಗಾಲಯದ ಯಂತ್ರಗಳಲ್ಲಿ ಡೆಬಿಯನ್ 12 ಇತ್ತು. 2023ರಲ್ಲಿ ಬಂದ ಆ ಆವೃತ್ತಿಯಿಂದ ಆರ್‌ಸಿಸ್‌ಲಾಗ್ ತಂತ್ರಾಂಶ ತಾನಾಗಿ ಸ್ಥಾಪನೆಯಾಗುವುದಿಲ್ಲ. ದಾಖಲೆಗಳೆಲ್ಲ ಸಿಸ್ಟಮ್‌ಡಿಯ ಜರ್ನಲ್‌ಗೆ ಹೋಗುತ್ತವೆ. ಹಾಗಾಗಿ ಪುಸ್ತಕದಲ್ಲಿ ಹೇಳಿದ ಜಾಗದಲ್ಲಿ ‘ಮೇಲ್ ಡಾಟ್ ಲಾಗ್’ ಎಂಬ ಕಡತವೇ ಇರಲಿಲ್ಲ. ಪ್ರಶಿಕ್ಷಣಾರ್ಥಿ ಹಿಂದಿನ ದಿನ ತಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಪ್ರಯೋಗ ಮಾಡಿ ನೋಡಿದ್ದರು, ಪಾಠ ನಡೆಯುವ ಯಂತ್ರದಲ್ಲಿ ನೋಡಿರಲಿಲ್ಲ. ಹದಿನೈದು ನಿಮಿಷ ಅದಕ್ಕೇ ಹೋಯಿತು. ವಿದ್ಯಾರ್ಥಿಗಳು ಹಲಗೆಯ ಮೇಲಿದ್ದ ಆಜ್ಞೆಗಳನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತ ಕುಳಿತರು.

ಆಮೇಲೆ ನಡೆದದ್ದು ಇದಕ್ಕಿಂತ ಕೆಟ್ಟದ್ದು. ಸಮಯ ಉಳಿಸಲು ಅವರು ಆತಿಥೇಯ ಸಂಸ್ಥೆಯ ನಿಜವಾದ ಸರ್ವರ್‌ನಿಂದ ಕೇಳಿ ಪಡೆದಿದ್ದ ಲಾಗ್ ಕಡತವನ್ನು ಪರದೆಯ ಮೇಲೆ ತೆರೆದರು. ಎರಡು ನಿಮಿಷದಲ್ಲಿ ಹಿಂದಿನ ಬೆಂಚಿನಿಂದ ಗುಸುಗುಸು ಎದ್ದಿತು. ಅಲ್ಲಿ ಅವರ ಉಪನ್ಯಾಸಕರೊಬ್ಬರ ವಿಳಾಸವಿತ್ತು. ಅವರು ರಾತ್ರಿ ಹನ್ನೊಂದರ ನಂತರ ಯಾವ ಆಸ್ಪತ್ರೆಗೆ ಪತ್ರ ಬರೆದರು ಎಂಬುದೂ ಇತ್ತು. ನಾನು ಎದ್ದು ಹೋಗಿ ಪ್ರೊಜೆಕ್ಟರ್ ಆರಿಸಿದೆ. ವೀಕ್ಷಕರು ಪಾಠದ ನಡುವೆ ಪ್ರವೇಶಿಸಬಾರದು ಎಂಬ ನಿಯಮವನ್ನು ನಾನು ಮುರಿದದ್ದು ಅದೊಂದೇ ಸಲ.

ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಪತ್ರದ ಒಡಲು ಇರುವುದಿಲ್ಲ, ಬೇರೆ ಏರ್ಪಾಟು ಮಾಡದ ಹೊರತು ವಿಷಯದ ಸಾಲೂ ಇರುವುದಿಲ್ಲ. ಆದ್ದರಿಂದ ‘ಇದರಲ್ಲಿ ಗುಟ್ಟೇನೂ ಇಲ್ಲ’ ಎಂದು ಪ್ರಶಿಕ್ಷಣಾರ್ಥಿ ನಂಬಿದ್ದರು. ಆದರೆ ಯಾರು, ಯಾರಿಗೆ, ಎಷ್ಟು ಹೊತ್ತಿಗೆ ಎಂಬ ಮೂರೇ ಸಂಗತಿಗಳಿಂದ ಒಬ್ಬರ ಖಾಸಗಿ ಬದುಕು ಎಷ್ಟು ತೆರೆದುಕೊಳ್ಳುತ್ತದೆ ಎಂಬುದನ್ನು ಆ ಹಿಂದಿನ ಬೆಂಚು ನಮಗೆ ತೋರಿಸಿತು. ಯೋಜನೆಯ ‘ಬೋಧನೋಪಕರಣ’ ಕಲಮಿನಲ್ಲಿ ‘ಲಾಗ್ ಕಡತ’ ಎಂದಷ್ಟೇ ಬರೆದಿತ್ತು. ಎಲ್ಲಿಯದು ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಸೈದ್ಧಾಂತಿಕ ತರಗತಿಯಲ್ಲಿ ಪಾಠ ಮಾಡುವ ನಾವು ಅದನ್ನು ಪಾಠಯೋಜನೆಯ ತಪಾಸಣೆಗೆ ಅನ್ವಯಿಸಿರಲಿಲ್ಲ.

ತರಗತಿ ಮುಗಿಯುವಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ: “ಸರ್, ನಮ್ಮಕ್ಕ ಅಪ್ರೆಂಟಿಸ್ ಅರ್ಜಿ ಮೇಲ್ ಮಾಡಿದ್ಲು. ಹೋಗಿದೆ ಅಂತ ತೋರಿಸ್ತು. ಕೊನೇ ದಿನ ಮುಗಿದ್ಮೇಲೆ, ಬಂದೇ ಇಲ್ಲ ಅಂದ್ರು. ಈ ರಿಪೋರ್ಟ್ ನೋಡಿದ್ರೆ ಅದು ಗೊತ್ತಾಗುತ್ತಾ?” ಪ್ರಶಿಕ್ಷಣಾರ್ಥಿ “ಗೊತ್ತಾಗುತ್ತೆ” ಎಂದರು. ಹೇಗೆ ಎಂದು ಹೇಳಲು ಅವರಿಗೆ ಆಗಲಿಲ್ಲ. ಗಂಟೆ ಹೊಡೆಯಿತು.

ಮರುಯೋಜನೆ

ಮರುಬೋಧನೆಗೆ ಆ ಪ್ರಶ್ನೆಯನ್ನೇ ಪಾಠದ ನಿರ್ದಿಷ್ಟೋದ್ದೇಶವಾಗಿ ಇಟ್ಟುಕೊಂಡೆವು: ಒಂದು ಪತ್ರಕ್ಕೆ ಏನಾಯಿತು ಎಂದು ವಿದ್ಯಾರ್ಥಿ ಲಾಗ್ ನೋಡಿ ಹೇಳಬೇಕು, ಆಮೇಲೆ ಮಾತ್ರ, ನೂರು ಪತ್ರಗಳಿಗೆ ಏನಾಯಿತು ಎಂದು ವರದಿ ನೋಡಿ ಹೇಳಬೇಕು. ಸ್ಥಾಪನೆ, ಕ್ರಾನ್ ಎಲ್ಲ ಕೊನೆಗೆ. ಎರಡು ಅವಧಿಗಳನ್ನು ಜೋಡಿಸಿ ಕೊಡುವಂತೆ ಆತಿಥೇಯ ಸಂಸ್ಥೆಯನ್ನು ಕೇಳಿಕೊಂಡೆವು. ಕೊಟ್ಟರು, ಅಷ್ಟೆಲ್ಲ ಆದ ಮೇಲೂ.

ಉಪಕರಣವಾಗಿ ಒಂದು ಹಾಳೆ ಮಾತ್ರ. ಪ್ರಶಿಕ್ಷಣಾರ್ಥಿ ಪ್ರಯೋಗಾಲಯದ ಒಂದು ಯಂತ್ರದಲ್ಲಿ ತಾವೇ ಮೂರು ಪತ್ರ ಕಳಿಸಿ, ಬಂದ ಲಾಗ್‌ನಿಂದ ಇಪ್ಪತ್ತು ಸಾಲುಗಳನ್ನು ಮುದ್ರಿಸಿಕೊಂಡರು. ಹೆಸರುಗಳನ್ನು ಬದಲಿಸುವಾಗ ಒಂದು ನಿಯಮ ಪಾಲಿಸಿದರು: ಒಂದು ವಿಳಾಸಕ್ಕೆ ಹಾಳೆಯ ಉದ್ದಕ್ಕೂ ಒಂದೇ ಬದಲಿ ಹೆಸರು. ಹಾಗೆ ಮಾಡದಿದ್ದರೆ ಪತ್ರದ ಜಾಡು ಹಿಡಿಯಲಾಗದು. ಡೊಮೇನ್‌ಗೆ, ಉದಾಹರಣೆಗಳಿಗಾಗಿಯೇ 1999ರಿಂದ ಮೀಸಲಿಟ್ಟಿರುವ ‘ಎಗ್ಸಾಂಪಲ್ ಡಾಟ್ ಕಾಮ್’. ಐಪಿ ವಿಳಾಸಗಳಿಗೆ, ಅದೇ ರೀತಿ ದಾಖಲೆಗಳಲ್ಲಿ ಬಳಸಲೆಂದು ಮೀಸಲಾದ 192.0.2ರ ಸಾಲು. ಈ ಮೀಸಲುಗಳು ಇವೆಯೆಂದು ನಮ್ಮ ಬಹಳಷ್ಟು ಪ್ರಶಿಕ್ಷಣಾರ್ಥಿಗಳಿಗೆ ತಿಳಿದಿರುವುದಿಲ್ಲ. ಮನಸ್ಸಿಗೆ ಬಂದ ಡೊಮೇನ್ ಬರೆದುಬಿಡುತ್ತಾರೆ. ಅದು ಯಾರದೋ ನಿಜವಾದ ವಿಳಾಸವಾಗಿರುತ್ತದೆ.

ಪೀಠಿಕೆ

ಪ್ರಶಿಕ್ಷಣಾರ್ಥಿ ಆ ಸಂಸ್ಥೆಯ ಕಚೇರಿಯಿಂದ ಖಾಲಿ ಆವಕ–ಜಾವಕ ವಹಿಯೊಂದನ್ನು ತಂದಿದ್ದರು. “ಇದರಲ್ಲಿ ಜಾವಕ ಸಂಖ್ಯೆ ಬಿತ್ತು ಅಂದರೆ ಪತ್ರ ತಲುಪಿತು ಅಂತಲೇ?” ಎಂದು ಕೇಳಿದರು. ಅಲ್ಲ, ಕಚೇರಿಯಿಂದ ಹೊರಟಿತು ಅಂತ ಮಾತ್ರ. “ರಿಜಿಸ್ಟರ್ಡ್ ಪತ್ರ ವಾಪಸು ಬಂದರೆ ಲಕೋಟೆಯ ಮೇಲೆ ಏನು ಬರೆದಿರುತ್ತಾರೆ?” ಮನೆಗೆ ಬೀಗ, ವಿಳಾಸದಾರರಿಲ್ಲ ಎಂದು ಉತ್ತರಗಳು ಬಂದವು. ಬೀಗ ಇದ್ದರೆ ಅಂಚೆಯವರು ನಾಳೆ ಮತ್ತೆ ಬರುತ್ತಾರೆ, ವಿಳಾಸದಾರರೇ ಇಲ್ಲದಿದ್ದರೆ ಬರುವುದಿಲ್ಲ. ಈ ವ್ಯತ್ಯಾಸವೇ ಎಸ್‌ಎಂಟಿಪಿಯ ಉತ್ತರ ಸಂಕೇತಗಳ ತಿರುಳು: 4ರಿಂದ ಶುರುವಾದರೆ ತಾತ್ಕಾಲಿಕ ಅಡಚಣೆ, 5ರಿಂದ ಶುರುವಾದರೆ ಶಾಶ್ವತ ನಿರಾಕರಣೆ, 250 ಎಂದರೆ ಆ ಕಡೆಯ ಸರ್ವರ್ ಪತ್ರವನ್ನು ವಹಿಸಿಕೊಂಡಿದೆ. ಮೂರು ಸಂಕೇತ ಹಲಗೆಯ ಎಡಬದಿಗೆ ಬಿದ್ದವು, ಪಾಠದ ಕೊನೆಯವರೆಗೂ ಅಳಿಸಲಿಲ್ಲ.

ಪ್ರಸ್ತುತಿ

ಹಾಳೆ ಹಂಚಿ ಮೂರು ಬಣ್ಣದ ಪೆನ್ಸಿಲ್ ಕೊಟ್ಟರು. ಪೋಸ್ಟ್‌ಫಿಕ್ಸ್ ಪ್ರತಿ ಪತ್ರಕ್ಕೂ ಒಂದು ಸರದಿ ಸಂಖ್ಯೆ ಕೊಡುತ್ತದೆ. ಆ ಪತ್ರಕ್ಕೆ ಸಂಬಂಧಿಸಿದ ಸಾಲುಗಳಲ್ಲಿ ಅದೇ ಸಂಖ್ಯೆ ಇರುತ್ತದೆ. ಆದರೆ ಸಾಲುಗಳು ಒಟ್ಟಿಗೆ ಇರುವುದಿಲ್ಲ, ಬೇರೆ ಪತ್ರಗಳ ಸಾಲುಗಳೊಂದಿಗೆ ಹೆಣೆದುಕೊಂಡಿರುತ್ತವೆ. ಒಂದೊಂದು ಸರದಿ ಸಂಖ್ಯೆಗೆ ಒಂದೊಂದು ಬಣ್ಣ ಹಚ್ಚುವುದು ಕೆಲಸ. ಆರೇಳು ನಿಮಿಷದಲ್ಲಿ ಹಾಳೆ ಮೂರು ಕತೆಗಳಾಗಿ ಬಿಡಿಸಿಕೊಂಡಿತು. ಮೊದಲ ಪತ್ರ ಒಬ್ಬರಿಗೆ ಹೋಗಿ ತಲುಪಿತ್ತು. ಎರಡನೆಯದು ಮೂವರಿಗೆ ಬರೆದದ್ದು. ಇಬ್ಬರ ಮಟ್ಟಿಗೆ 250, ಒಬ್ಬರ ಮಟ್ಟಿಗೆ 550, ಅಂಥ ಬಳಕೆದಾರರಿಲ್ಲ. ಮೂರನೆಯದು 452 ಪಡೆದು, ಮೂರು ಬಾರಿ ಪ್ರಯತ್ನಿಸಿ, ಇನ್ನೂ ಸರದಿಯಲ್ಲೇ ಕುಳಿತಿತ್ತು. ಆ ಕಡೆಯ ಪೆಟ್ಟಿಗೆ ತುಂಬಿತ್ತು.

ಈಗ ಪ್ರಶ್ನೆ: “ಸರ್ವರ್‌ಗೆ ಒಟ್ಟು ಎಷ್ಟು ಪತ್ರ ಬಂದವು?”

ಮೂರು ಗುಂಪುಗಳಿಂದ ಮೂರು ಉತ್ತರ ಬಂದವು: ಮೂರು, ಐದು, ಎರಡು. ಪ್ರಶಿಕ್ಷಣಾರ್ಥಿ ಯಾವುದನ್ನೂ ತಪ್ಪೆನ್ನದೆ ಮೂವರನ್ನೂ ಹಲಗೆಗೆ ಕರೆದು ‘ಹೇಗೆ ಎಣಿಸಿದಿರಿ’ ಎಂದು ಕೇಳಿದ್ದು ಇಡೀ ಪಾಠದ ಅತ್ಯುತ್ತಮ ಕ್ಷಣ. ಐದು ಎಂದವರು ‘ಫ್ರಮ್’ ಎಂಬ ಸಾಲುಗಳನ್ನು ಎಣಿಸಿದ್ದರು. ಮೂರನೆಯ ಪತ್ರವನ್ನು ಪ್ರತಿ ಬಾರಿ ಮತ್ತೆ ಕೈಗೆತ್ತಿಕೊಂಡಾಗಲೂ ಸರದಿ ವ್ಯವಸ್ಥಾಪಕ ಆ ಸಾಲನ್ನು ಹೊಸದಾಗಿ ಬರೆಯುತ್ತದೆ, ಆದ್ದರಿಂದ ಅದೊಂದೇ ಪತ್ರಕ್ಕೆ ಮೂರು ಸಾಲು. ಎರಡು ಎಂದವರು ‘ರಿಮೂವ್ಡ್’ ಸಾಲುಗಳನ್ನು ಎಣಿಸಿದ್ದರು. ಅವು ಕೆಲಸ ಮುಗಿದು ಸರದಿಯಿಂದ ಹೊರಬಿದ್ದ ಪತ್ರಗಳು. ಎಣಿಸುವುದಕ್ಕೆ ಮೊದಲು ಏನನ್ನು ಎಣಿಸುತ್ತಿದ್ದೇವೆ ಎಂದು ತೀರ್ಮಾನಿಸಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ನಂತರ ಅದೇ ಹಾಳೆಯ ಸಾರಾಂಶ ಪಟ್ಟಿಯನ್ನು ವಿದ್ಯಾರ್ಥಿಗಳೇ ಕೈಯಲ್ಲಿ ಬರೆದರು. ಸ್ವೀಕೃತ 3. ರವಾನೆ 3. ಮುಂದೂಡಿದ್ದು 1, ಆವರಣದಲ್ಲಿ 3 ಬಾರಿ. ಹಿಂದಿರುಗಿದ್ದು 1. ಪ್ರಶಿಕ್ಷಣಾರ್ಥಿ ಕೆಳಗಿನ ಎರಡು ಸಾಲುಗಳನ್ನು ಕೈಯಿಂದ ಮುಚ್ಚಿ, “ಮೂರು ಬಂದವು, ಮೂರು ಹೋದವು. ಎಲ್ಲ ಸರಿಯಾಗಿದೆಯಲ್ಲ?” ಎಂದರು. ತರಗತಿ ನಕ್ಕಿತು. ಸ್ವೀಕೃತಿಯನ್ನು ಪತ್ರದ ಲೆಕ್ಕದಲ್ಲಿ, ರವಾನೆಯನ್ನು ವಿಳಾಸದಾರರ ಲೆಕ್ಕದಲ್ಲಿ ಎಣಿಸುವುದರಿಂದ ಈ ಎರಡು ಅಂಕಿಗಳು ಹೊಂದಿದರೂ ಅದಕ್ಕೆ ಅರ್ಥವಿಲ್ಲ. ಇಲ್ಲಿ ಒಂದು ಪತ್ರ ತಲುಪೇ ಇಲ್ಲ, ಇನ್ನೊಂದು ಒಬ್ಬರಿಗೆ ತಪ್ಪಿದೆ.

ಹಾಳೆಯಲ್ಲಿ ನಾವು ಬೇಕೆಂದೇ ಬಿಟ್ಟ ಒಂದು ಸಂಗತಿಯಿದೆ. ಪತ್ರ ಹಿಂದಿರುಗಿದಾಗ ಕಳಿಸಿದವರಿಗೆ ಪೋಸ್ಟ್‌ಫಿಕ್ಸ್ ಒಂದು ಸೂಚನಾಪತ್ರ ಕಳಿಸುತ್ತದೆ. ಅದಕ್ಕೆ ತನ್ನದೇ ಸರದಿ ಸಂಖ್ಯೆ ಇರುತ್ತದೆ, ಅದು ಮುಟ್ಟಿದ್ದೂ ‘ಸೆಂಟ್’ ಎಂದೇ ದಾಖಲಾಗುತ್ತದೆ. ಅಂದರೆ ಒಂದು ವೈಫಲ್ಯ ರವಾನೆಯ ಅಂಕಿಯನ್ನು ಒಂದು ಏರಿಸುತ್ತದೆ! ಪತ್ರಗಳನ್ನು ವೈರಸ್ ಶೋಧಕದ ಮೂಲಕ ಹಾಯಿಸಿ ಮತ್ತೆ ಸರದಿಗೆ ಸೇರಿಸುವ ಏರ್ಪಾಟಿದ್ದರೆ ಒಂದೇ ಪತ್ರ ಎರಡು ಬಾರಿ ಎಣಿಕೆಗೆ ಬರುತ್ತದೆ. ಮೊದಲ ಪಾಠಕ್ಕೆ ಇವೆರಡೂ ಭಾರವಾಗುತ್ತವೆ. ಮುಂದಿನ ತರಗತಿಗೆ ಇಟ್ಟುಕೊಳ್ಳಬಹುದು.

ಅಕ್ಕನ ಅರ್ಜಿ

ಎರಡನೆಯ ಅವಧಿಯ ಆರಂಭದಲ್ಲಿ ಆ ವಿದ್ಯಾರ್ಥಿಯ ಪ್ರಶ್ನೆಗೆ ಮರಳಿದರು. ‘ಹೋಗಿದೆ’ ಎಂದು ಅಕ್ಕನ ಮೊಬೈಲ್ ತೋರಿಸಿದ್ದು ಮೊಬೈಲ್‌ನಿಂದ ಅವಳ ಸರ್ವರ್‌ವರೆಗಿನ ಮಾತು. ಅಲ್ಲಿಂದ ಮುಂದೆ ಪತ್ರ ಸರದಿಯಲ್ಲಿ ನಿಂತಿದ್ದರೆ? ಪೋಸ್ಟ್‌ಫಿಕ್ಸ್‌ನಲ್ಲಿ ಏನೂ ಬದಲಿಸದಿದ್ದರೆ ಪತ್ರ ಐದು ದಿನ ಸರದಿಯಲ್ಲಿ ಉಳಿಯುತ್ತದೆ. ಮರುಪ್ರಯತ್ನಗಳ ನಡುವಿನ ಅಂತರ 300 ಸೆಕೆಂಡಿನಿಂದ ಶುರುವಾಗಿ 4000 ಸೆಕೆಂಡಿನವರೆಗೆ ಹಿಗ್ಗುತ್ತದೆ. ತಡವಾಗುತ್ತಿದೆ ಎಂಬ ಎಚ್ಚರಿಕೆಯನ್ನು ಕಳಿಸಿದವರಿಗೆ ಕೊಡುವ ವ್ಯವಸ್ಥೆ ಇದೆ, ಆದರೆ ಮೂಲತಃ ಅದನ್ನು ಆಫ್ ಮಾಡಿಟ್ಟಿರುತ್ತಾರೆ. ಹಾಗಾಗಿ ಐದನೆಯ ದಿನ ಪತ್ರ ಹಿಂದಿರುಗುವವರೆಗೆ ಕಳಿಸಿದವರಿಗೆ ಏನೂ ತಿಳಿಯುವುದಿಲ್ಲ. ಕೊನೆಯ ದಿನಾಂಕ ಮೂರನೆಯ ದಿನವೇ ಮುಗಿದಿರಬಹುದು.

ಇಲ್ಲವೇ ಲಾಗ್‌ನಲ್ಲಿ ‘ಸೆಂಟ್’ ಎಂದೇ ಇದ್ದಿರಬಹುದು. ಆಗ ಆ ಕಡೆಯ ಸರ್ವರ್ 250 ಎಂದು ವಹಿಸಿಕೊಂಡಿದೆ ಎಂದಷ್ಟೇ ಹೇಳಬಹುದು. ಅದು ಸ್ಪ್ಯಾಮ್ ಪೆಟ್ಟಿಗೆಗೆ ಬಿತ್ತೋ, ಯಾರೂ ತೆರೆಯದೆ ಉಳಿಯಿತೋ ನಮ್ಮ ಲಾಗ್‌ಗೆ ಕಾಣುವುದಿಲ್ಲ. ಆದರೂ ಆ ಸಾಲಿಗೆ ಬೆಲೆಯಿದೆ: ಇಂಥ ದಿನ, ಇಂಥ ಹೊತ್ತಿಗೆ, ಇಂಥ ಉತ್ತರ ಸಂಕೇತದೊಂದಿಗೆ ನಿಮ್ಮ ಸರ್ವರ್ ಒಪ್ಪಿಕೊಂಡಿದೆ ಎಂದು ಅರ್ಜಿದಾರರ ಪರವಾಗಿ ಕೇಳಲು ಆಧಾರ ಸಿಗುತ್ತದೆ. “ನಮ್ಮಕ್ಕಂದು ಎರಡರಲ್ಲಿ ಯಾವುದು ಸರ್?” ಎಂದು ಅವನು ಮತ್ತೆ ಕೇಳಿದ. “ಅವಳ ಸರ್ವರ್‌ನ ಲಾಗ್ ನೋಡದೆ ಹೇಳೋಕ್ಕಾಗಲ್ಲಪ್ಪ” ಎಂದರು ಪ್ರಶಿಕ್ಷಣಾರ್ಥಿ. ಮೊದಲ ಪಾಠದ “ಗೊತ್ತಾಗುತ್ತೆ”ಗಿಂತ ಈ ಉತ್ತರಕ್ಕೆ ನಾನು ಹೆಚ್ಚು ಅಂಕ ಕೊಟ್ಟೆ.

ಸಂರಚನೆ

ಇಷ್ಟಾದ ಮೇಲೆ ಸಾಧನದ ಕೆಲಸ ಬೇಗ ಸಾಗಿತು. ಆರ್‌ಸಿಸ್‌ಲಾಗ್ ಸ್ಥಾಪಿಸಿ ಲಾಗ್ ಕಡತ ಬರುವಂತೆ ಮಾಡುವುದು. ಪಿಎಫ್‌ಲಾಗ್‌ಸಮ್ ಎಂಬ ಪರ್ಲ್ ಕ್ರಮವಿಧಿಯನ್ನು ಸ್ಥಾಪಿಸಿ ಮೊದಲು ಕೈಯಿಂದಲೇ ಓಡಿಸುವುದು. ಎರಡು ಆಯ್ಕೆಗಳನ್ನಷ್ಟೇ ಕಲಿಸಿದೆವು: ನಿನ್ನೆಯ ದಿನಾಂಕದ ಸಾಲುಗಳನ್ನು ಮಾತ್ರ ತೆಗೆದುಕೊಳ್ಳುವುದು, ಮತ್ತು ಮುಂದೂಡಿದ, ಹಿಂದಿರುಗಿದ ಪತ್ರಗಳ ವಿವರವನ್ನು ಬಳಕೆದಾರರ ಅಂಕಿಅಂಶಗಳಿಗಿಂತ ಮೊದಲು ತರುವುದು. ಎರಡನೆಯದನ್ನು ಯಾಕೆ ಬಳಸಬೇಕೆಂದು ಅಕ್ಕನ ಕತೆ ಕೇಳಿದವರಿಗೆ ವಿವರಿಸಬೇಕಾಗಲಿಲ್ಲ.

ವರದಿಯ ಅಂಕಿಯನ್ನು ನಂಬುವ ಮೊದಲು ಗ್ರೆಪ್‌ನಿಂದ ‘ಸೆಂಟ್’ ಸಾಲುಗಳನ್ನು ಎಣಿಸಿ ಹೋಲಿಸಬೇಕು. ಡೆಬಿಯನ್ 12ರ ಆರ್‌ಸಿಸ್‌ಲಾಗ್ ದಿನಾಂಕವನ್ನು ವರ್ಷ ಮೊದಲಾಗಿ ಹೊಸ ಮಾದರಿಯಲ್ಲಿ ಬರೆಯುತ್ತದೆ. ಆ ಮಾದರಿಯನ್ನು ಗುರುತಿಸದ ಹಳೆಯ ಸಾಧನ ದೂರು ಹೇಳುವುದಿಲ್ಲ, ಸುಮ್ಮನೆ ಸೊನ್ನೆ ತೋರಿಸುತ್ತದೆ.

ಕ್ರಾನ್ ಸಾಲನ್ನು ‘30 6 * * *’ ಎಂದು ಶುರುಮಾಡಿ ಬೆಳಿಗ್ಗೆ ಆರೂವರೆಗೆ ವರದಿ ಬರುವಂತೆ ಇಟ್ಟರು. ಇಲ್ಲೊಂದು ಹೊಂಡವಿದೆ. ಡೆಬಿಯನ್‌ನಲ್ಲಿ ಲಾಗ್‌ರೊಟೇಟ್ ವಾರಕ್ಕೊಮ್ಮೆ ಲಾಗ್ ಕಡತದ ಹೆಸರಿನ ಕೊನೆಗೆ 1 ಸೇರಿಸಿ ಪಕ್ಕಕ್ಕಿಟ್ಟು ಹೊಸ ಕಡತ ತೆರೆಯುತ್ತದೆ. ಆ ಬೆಳಿಗ್ಗೆ ನಿನ್ನೆಯ ಸಾಲುಗಳು ಹಳೆಯ ಕಡತದಲ್ಲಿರುತ್ತವೆ, ವರದಿ ಖಾಲಿ ಬರುತ್ತದೆ. ಆದ್ದರಿಂದ ಎರಡೂ ಕಡತಗಳನ್ನು ಸಾಧನಕ್ಕೆ ಕೊಡಬೇಕು. ಇದನ್ನು ಹೇಳಿಕೊಡದೆ ಗೃಹಪಾಠವಾಗಿ ಕೊಟ್ಟೆವು: “ಏಳು ದಿನಗಳಲ್ಲಿ ಒಂದು ದಿನದ ವರದಿ ಮಾತ್ರ ಖಾಲಿ. ಏಕೆ?” ಮುಂದಿನ ವಾರ ನಾಲ್ವರು ಸರಿಯಾದ ಉತ್ತರ ತಂದರು. ಒಬ್ಬಳು “ಅವತ್ತು ರಜೆ ಇರಬಹುದು” ಎಂದು ಬರೆದಿದ್ದಳು. ನಿಜವಾದ ಕಚೇರಿಗಳಲ್ಲಿಯೂ ಎಲ್ಲರೂ ಹಾಗೆಂದುಕೊಂಡೇ ಸುಮ್ಮನಿರುತ್ತಾರೆ.

ಕೊನೆಯ ಐದು ನಿಮಿಷದಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ವರದಿನೂ ಅದೇ ಸರ್ವರ್‌ನಿಂದ ಮೇಲ್‌ನಲ್ಲೇ ಬರುತ್ತಲ್ಲ ಸರ್, ಸರ್ವರೇ ನಿಂತುಹೋದರೆ?” ಯೋಜನೆಯಲ್ಲಿ ಇದು ಇರಲಿಲ್ಲ. ಪ್ರಶಿಕ್ಷಣಾರ್ಥಿ ಒಂದು ಕ್ಷಣ ನನ್ನ ಕಡೆ ನೋಡಿ, ನಂತರ ಪ್ರಶ್ನೆಯನ್ನು ತರಗತಿಗೇ ತಿರುಗಿಸಿದರು. ವರದಿಯ ಒಂದು ಪ್ರತಿಯನ್ನು ಯಂತ್ರದಲ್ಲೇ ಕಡತವಾಗಿ ಉಳಿಸಬೇಕು, ಏಳು ಗಂಟೆಯೊಳಗೆ ವರದಿ ಬಾರದಿದ್ದರೆ ಅದನ್ನೇ ದೂರು ಎಂದು ತಿಳಿದು ಯಾರಾದರೂ ಹೋಗಿ ನೋಡಬೇಕು ಎಂದು ಅವರೇ ತೀರ್ಮಾನಿಸಿದರು. “ಆ ‘ಯಾರಾದರೂ’ ಯಾರು?” ಎಂದು ಪ್ರಶಿಕ್ಷಣಾರ್ಥಿ ಕೇಳುವಷ್ಟರಲ್ಲಿ ಗಂಟೆಯಾಯಿತು.

ಈ ಸಾಲಿನಿಂದ ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ಬೋಧನೋಪಕರಣ’ ಕಲಮಿನ ಕೆಳಗೆ ಒಂದು ಸಾಲು ಸೇರಿಸಿದ್ದೇವೆ: ‘ದತ್ತಾಂಶದ ಮೂಲ, ಮತ್ತು ಅದರಲ್ಲಿರುವ ಹೆಸರುಗಳು ಯಾರವು?’ ಅದು ಖಾಲಿಯಿದ್ದರೆ ಯೋಜನೆಗೆ ನಾನು ಸಹಿ ಹಾಕುವುದಿಲ್ಲ.