ಜ್ವರದ ಆರನೇ ದಿನ

ಆ ರಾತ್ರಿ ಫೋನಿನಲ್ಲಿ ನಾನು ಕೇಳಿದ ಪ್ರಶ್ನೆಗಳೆಲ್ಲ ನನಗೆ ಇನ್ನೂ ನೆನಪಿವೆ. ರೋಗಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಿದ್ದೀಯಾ? ಸೋನೋಗ್ರಫಿಯಲ್ಲಿ ಜಾಗ ಗುರುತಿಸಿದ್ದೀಯಾ? ಸೂಜಿ ಕೆಳಗಿನ ಪಕ್ಕೆಲುಬಿನ ಮೇಲಂಚಿಗೇ ತಾನೆ? ರಕ್ತನಾಳವೂ ನರವೂ ಪ್ರತಿ ಪಕ್ಕೆಲುಬಿನ ಕೆಳಗಿನ ತೋಡಿನಲ್ಲಿ ಸಾಗುತ್ತವೆ. ಅದಕ್ಕೇ ಈ ಕೊನೆಯ ಪ್ರಶ್ನೆ. ಹೌಸ್‌ಮನ್ (ನನ್ನ ಕೈಕೆಳಗಿನ ಕಿರಿಯ ವೈದ್ಯ) ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟ. "ಹಾಗಾದರೆ ಟ್ಯಾಪ್ ಮಾಡು" ಎಂದು, ಅಂದರೆ ಸೂಜಿಯಿಂದ ಎದೆಯ ನೀರು ತೆಗೆ ಎಂದು ಹೇಳಿ ಮಲಗಿದೆ.

ನಾನು ಕೇಳದೇ ಬಿಟ್ಟದ್ದು ಒಂದೇ. ಇವನಿಗೆ ಕಾಯಿಲೆ ಏನು, ಇವತ್ತು ಎಷ್ಟನೇ ದಿನ?

ಡೆಂಗಿ. ಆರನೇ ದಿನ. ಹಿಂದಿನ ದಿನವೇ ಜ್ವರ ಬಿಟ್ಟಿತ್ತು, ಪ್ಲೇಟ್‌ಲೆಟ್ 28,000. ವಿಜಯಪುರದ ಕಡೆಯಿಂದ ಬಂದು ಮುಂಬೈಯ ಗೋವಂಡಿಯಲ್ಲಿದ್ದು ಗಾರೆ ಕೆಲಸ ಮಾಡುತ್ತಿದ್ದ ಹುಡುಗ. ಸಂಜೆ ಅವನ ಹೆಂಡತಿ ನಮ್ಮ ಭಾಷೆ ಕಿವಿಗೆ ಬಿದ್ದ ಸಮಾಧಾನದಲ್ಲಿ ನನ್ನ ಬಳಿ ಬಂದು, "ನೀರ ತಗದ್ರ ಉಸಿರು ಹಗೂರ ಆಕ್ಕೈತೇನ್ರಿ, ಡಾಕ್ಟರ್ ಬಾಯಾರ?" ಎಂದು ಕೇಳಿದ್ದಳು. ನೋಡೋಣಮ್ಮ ಎಂದಿದ್ದೆ. ಮಳೆಗಾಲದ ಎಮರ್ಜೆನ್ಸಿ ದಿನ. ಮಂಚಗಳು ತುಂಬಿ ನೆಲದ ಮೇಲೂ ಹಾಸಿಗೆ ಬಿದ್ದಿದ್ದವು. ಯಾರನ್ನು ನೋಡಿದೆ, ಯಾರನ್ನು ಬಿಟ್ಟೆ ಎಂಬ ಲೆಕ್ಕವೇ ತಪ್ಪಿತ್ತು.

ಬೆಳಗಾಗುವಷ್ಟರಲ್ಲಿ ಎದೆಗೂಡಿನಲ್ಲಿ ನೀರಿನ ಬದಲು ರಕ್ತ ತುಂಬಿತ್ತು. ನಳಿಕೆ ಹಾಕಬೇಕಾಯಿತು, ಬಾಟಲಿಗಟ್ಟಲೆ ರಕ್ತ ಬೇಕಾಯಿತು. ಹುಡುಗ ಉಳಿದ. ಹೌಸ್‌ಮನ್‌ನ ಕೈಯಲ್ಲಿ ತಪ್ಪಿರಲಿಲ್ಲ, ಸೂಜಿ ಹೋಗಬೇಕಾದ ಕಡೆಗೇ ಹೋಗಿತ್ತು. ಆ ಸೂಜಿಯೇ ಬೇಕಾಗಿರಲಿಲ್ಲ.

ಡೆಂಗಿಯಲ್ಲಿ ಎದೆಗೆ ನೀರು ಬರುವುದು ರಕ್ತನಾಳಗಳು ಸೋರುವುದರಿಂದ. ಆ ಸೋರಿಕೆ ಜ್ವರ ಇಳಿಯುವ ಹೊತ್ತಿಗೆ ಶುರುವಾಗಿ 24ರಿಂದ 48 ಗಂಟೆ ಇರುತ್ತದೆ. ಆಮೇಲೆ ಸೋರಿದ ನೀರು ತಾನಾಗಿಯೇ ರಕ್ತಕ್ಕೆ ಮರಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಲ್ಲಿ ಇದೆಲ್ಲ ಇದೆ. ಅಪಾಯದ ಲಕ್ಷಣ ಕಂಡವರಿಗೆ ಡ್ರಿಪ್ ಅನ್ನು ಗಂಟೆಗೆ ಕಿಲೋಗೆ 5ರಿಂದ 7 ಮಿಲಿಯಲ್ಲಿ ಶುರುಮಾಡಿ, ಒಂದೆರಡು ಗಂಟೆಯಲ್ಲಿ 3ರಿಂದ 5ಕ್ಕೆ, ಆಮೇಲೆ 2ರಿಂದ 3ಕ್ಕೆ ಇಳಿಸಬೇಕು. ನಮ್ಮ ವಾರ್ಡಿನಲ್ಲಿ ಅವನ ಡ್ರಿಪ್ ಮೊದಲ ವೇಗದಲ್ಲೇ ಓಡುತ್ತಿತ್ತು. ಅವನ ಉಸಿರು ಕಟ್ಟಿಸಿದ್ದು ನಾವೇ ಹರಿಸಿದ ನೀರು. ಡ್ರಿಪ್ಪಿನ ಚಕ್ರ ತಿರುಗಿಸಿ ನಿಧಾನ ಮಾಡಿ, ಆಮ್ಲಜನಕ ಕೊಟ್ಟು ಕಾಯಬೇಕಿತ್ತು. ಮಾರ್ಗಸೂಚಿಯ ಆ ಪುಟ ಲ್ಯಾಮಿನೇಟ್ ಆಗಿ ಅವನ ಮಂಚದ ಎದುರಿನ ಗೋಡೆಯ ಮೇಲೇ ಇತ್ತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ರಾತ್ರಿ ಪಾಳಿಯ ಸಿಸ್ಟರ್ ಟ್ರೇ ಜೋಡಿಸಿ ಕೊಡುವಾಗ, "ಪ್ಲೇಟ್‌ಲೆಟ್ ಕಡಿಮೆ ಇದೆಯಲ್ಲ ಡಾಕ್ಟರ್" ಎಂದಿದ್ದರಂತೆ. "ಮ್ಯಾಡಮ್ ಹೂಂ ಅಂದಿದ್ದಾರೆ" ಎಂದನಂತೆ ಹೌಸ್‌ಮನ್. ನನ್ನ ಹೂಂ ಅಲ್ಲಿದ್ದ ಒಬ್ಬರೇ ಒಬ್ಬರ ವಿವೇಕದ ಬಾಯಿ ಮುಚ್ಚಿಸಿತ್ತು.

ನೋಡು, ಮಾಡು, ಕಲಿಸು ಎಂಬ ಪದ್ಧತಿಯಲ್ಲೇ ನಾನು ಬೆಳೆದವಳು. ಕೈ ಪಳಗಿಸುವುದೇ ಕಲಿಸುವುದು ಎಂದುಕೊಂಡಿದ್ದೆ. ಕಸಾಯಿ ಅಂಗಡಿಯಿಂದ ಮೇಕೆಯ ಪಕ್ಕೆಲುಬು ತರಿಸಿ ನನ್ನ ಹೌಸ್‌ಮನ್ ಮಕ್ಕಳಿಂದ ಸೂಜಿ ಹಾಕಿಸುತ್ತಿದ್ದೆ, ಈಗಲೂ ಹಾಕಿಸುತ್ತೇನೆ. ಮಾರ್ಗಸೂಚಿಯನ್ನು ಬೆಳಗಿನ ರೌಂಡಿನಲ್ಲಿ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದೆ, ಸೂಜಿಯ ಪಾಠ ಮಧ್ಯಾಹ್ನ. ಎರಡೂ ಒಂದೇ ಮಂಚದ ಬಳಿ ಒಂದೇ ಉಸಿರಿನಲ್ಲಿ ಬರಬೇಕೆಂದು ತಿಳಿಯಲು ನನಗೆ ಆ ಹುಡುಗನ ರಕ್ತ ಬೇಕಾಯಿತು.

ಈಗ ಟ್ರೇ ಬಿಚ್ಚುವ ಮೊದಲು ಹೌಸ್‌ಮನ್ ಸಿಸ್ಟರ್‌ಗೆ ಎರಡು ಮಾತು ಹೇಳಬೇಕು: ಕಾಯಿಲೆಯ ಎಷ್ಟನೇ ದಿನ, ಇದನ್ನು ಮಾಡದಿದ್ದರೆ ಬೆಳಗಿನೊಳಗೆ ಏನಾಗುತ್ತದೆ. ಉತ್ತರ ಒಪ್ಪಿಗೆಯಾಗದಿದ್ದರೆ ಸಿಸ್ಟರ್ ನಿಲ್ಲಿಸಬಹುದು, ನಾನು ಹೂಂ ಅಂದಿದ್ದರೂ ಸರಿ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ವೈದ್ಯ ಪೀಟರ್ ಪ್ರೊನೊವೊಸ್ಟ್ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಇಳಿಸುವ ನಳಿಕೆ) ಹಾಕುವುದಕ್ಕೆ ಐದು ನಿಯಮ ಮಾಡಿದಾಗ, ಒಂದು ತಪ್ಪಿದರೂ ಡಾಕ್ಟರನ್ನು ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟರು. ಮಿಶಿಗನ್ನಿನ ಐಸಿಯುಗಳಲ್ಲಿ ಆ ಲೈನಿನಿಂದ ಬರುವ ಸೋಂಕು ಎಷ್ಟು ಇಳಿಯಿತೆಂಬುದು 2006ರಲ್ಲಿ ಪ್ರಕಟವಾಯಿತು. ಐದೂ ನಿಯಮಗಳು ನಮ್ಮ ಮಕ್ಕಳಿಗೆ ಗೊತ್ತು. ನರ್ಸ್‌ಗೆ ಕೊಟ್ಟ ಅಧಿಕಾರದ ಮಾತನ್ನು ನಾವು ಕಲಿಸಿರಲಿಲ್ಲ.

ಮಾಡಬೇಡ ಎಂದಷ್ಟೇ ಹೇಳಿದರೆ ಇಪ್ಪತ್ತಾರರ ಹುಡುಗ ಸುಮ್ಮನೆ ಕೂರಲಾರ. ರೋಗಿ ಏದುಸಿರು ಬಿಡುತ್ತಿರುತ್ತಾನೆ, ಮನೆಯವರು ಪ್ಲೇಟ್‌ಲೆಟ್ ಹಾಕಿ ಎಂದು ಕೈಮುಗಿಯುತ್ತಿರುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ 10,000ದ ಕೆಳಗೆ ಇಳಿಯುವ ತನಕ ಅದು ಬೇಡ ಎಂದು ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ, ಆದರೆ ಕೈಮುಗಿದವರ ಮುಂದೆ ಅಂಕಿ ನಿಲ್ಲುವುದಿಲ್ಲ. ಅದಕ್ಕೆ ಅವನ ಕೈಗೆ ಬೇರೆ ಕೆಲಸ ಕೊಟ್ಟೆ. ವಾರ್ಡಿನ ಪಕ್ಕದ ಕೋಣೆಯಲ್ಲಿ ಮೂಲೆಗೆ ಬಿದ್ದಿದ್ದ ಸಣ್ಣ ಸೆಂಟ್ರಿಫ್ಯೂಜ್ ಒರೆಸಿ ರಿಪೇರಿ ಮಾಡಿಸಿದೆವು. ಬೆರಳು ಚುಚ್ಚಿ, ಕೂದಲಿನಂಥ ಗಾಜಿನ ನಳಿಕೆಗೆ ರಕ್ತ ಏರಿಸಿ, ಒಂದು ತುದಿ ಮುಚ್ಚಿ, ಐದು ನಿಮಿಷ ತಿರುಗಿಸಿದರೆ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಕಣ್ಣಿಗೆ ಕಾಣುತ್ತದೆ. ಏರುತ್ತಿದ್ದರೆ ಇನ್ನೂ ಸೋರುತ್ತಿದೆ. ನಾಡಿ, ಬಿ.ಪಿ. ಚೆನ್ನಾಗಿದ್ದು ಇಳಿಯುತ್ತಿದ್ದರೆ ನೀರು ಮರಳುತ್ತಿದೆ, ಡ್ರಿಪ್ ಇಳಿಸು. ನಾಡಿ ಓಡುತ್ತಾ ಅದು ಇಳಿದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ, ಎಬ್ಬಿಸು ನನ್ನನ್ನು. ದೊಡ್ಡ ಲ್ಯಾಬಿನ ರಿಪೋರ್ಟು ಬರಲು ಹಿಡಿಯುವ ಹೊತ್ತಿನಲ್ಲಿ ಇದನ್ನು ಹಲವು ಸಲ ನೋಡಬಹುದು. ನಲವತ್ತು ರೋಗಿಗಳಿಗೆ ಒಬ್ಬನೇ ಹೌಸ್‌ಮನ್ ಇರುವ ರಾತ್ರಿ ಇದೂ ಪೂರ್ತಿ ಆಗುವುದಿಲ್ಲ. ಆ ಲೆಕ್ಕ ಮಾರ್ಗಸೂಚಿಯ ಯಾವ ಪುಟದಲ್ಲೂ ಇಲ್ಲ, ಅದನ್ನು ಮಕ್ಕಳಿಂದ ಮುಚ್ಚಿಡುವುದೂ ಇಲ್ಲ.

ಕಳೆದ ಮಳೆಗಾಲದಲ್ಲಿ ರಾತ್ರಿ ಎರಡಕ್ಕೆ ಫೋನು. "ಮ್ಯಾಡಮ್, ಡೆಂಗಿ, ಆರನೇ ದಿನ, ಎದೆಯಲ್ಲಿ ನೀರಿದೆ. ಟ್ಯಾಪ್ ಮಾಡುತ್ತಿಲ್ಲ. ಹೆಮಟೋಕ್ರಿಟ್ 46ರಿಂದ 41ಕ್ಕೆ ಬಂದಿದೆ, ನಾಡಿ ಚೆನ್ನಾಗಿದೆ, ಡ್ರಿಪ್ ಇಳಿಸಿದ್ದೇನೆ."

"ಸಿಸ್ಟರ್ ಏನಂತಾರೆ?"

"ಉಸಿರು ಎಣಿಸುತ್ತಿದ್ದಾರೆ. ಮೂವತ್ತರಿಂದ ಇಪ್ಪತ್ತಾರಕ್ಕೆ ಇಳಿದಿದೆಯಂತೆ."

ನಾನು ಬರಲೇ ಎಂದೆ. ಬೇಡ ಮ್ಯಾಡಮ್ ಎಂದ. ಆದರೂ ಮೊದಲ ಲೋಕಲ್ ಹಿಡಿದು ಹೋದೆ.